ಜೋಧ್‌ಪುರ, ಜೈಸಲ್ಮೇರ್‌ನಲ್ಲಿ ಎಲ್ಲಿ ಊಟ ಮಾಡೋದು? ಅಪ್ಪನಿಗೆ ಅನ್ನ ಸಿಗುತ್ತಾ? (ಹೋಗಿ ಬಂದ ವರದಿ ಕೆಳಗಡೆ ಇದೆ)

ಅಮಾನಿಕೆರೆ ವಾಕರ್:
ಡಿಸೆಂಬರ್‌ನಲ್ಲಿ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ಜೋಧ್‌ಪುರ ಮತ್ತು ಜೈಸಲ್ಮೇರ್‌ಗೆ ಹೊರಟಿದ್ದೇವೆ. ಜೋಧ್‌ಪುರದ ರೈಲು ನಮ್ಮ ತುಮಕೂರಿನಲ್ಲೇ ನಿಲ್ಲುತ್ತೆ, ಹಾಗಾಗಿ ಬೆಂಗಳೂರಿಗೆ ಹೋಗುವ ರಗಳೆ ಇಲ್ಲ. ಕೋಟೆ, ಮರಳುಗುಡ್ಡ ಎಲ್ಲ ನೋಡುವ ಪಟ್ಟಿ ಮಾಡಿ ಆಗಿದೆ. ತಲೆನೋವು ಇರೋದು ಊಟದ್ದು. ಅಮ್ಮ ಪಾವಗಡ ಕಡೆಯವರು, ಶುದ್ಧ ಸಸ್ಯಾಹಾರಿ. ಅಪ್ಪನಿಗೆ ಒಂದು ಹೊತ್ತಾದರೂ ಅನ್ನ ಬೇಕು, ಇಲ್ಲದಿದ್ದರೆ ಊಟವೇ ಆಗಿಲ್ಲ ಅಂತ ಓಡಾಡ್ತಾರೆ. ಹೆಂಡತಿಯ ತವರು ಶಿರಾ. ಲಾಲ್ ಮಾಸ್ (ಅಲ್ಲಿನ ಖಾರದ ಕೆಂಪು ಮಟನ್) ತಿನ್ನದೆ ವಾಪಸ್ ಬರಲ್ಲ ಅಂತ ಈಗಲೇ ಹೇಳಿದ್ದಾಳೆ. ಹೋಗಿ ಬಂದವರು ಹೆಸರು ಹಿಡಿದು ಹೇಳಿ. ಯೂಟ್ಯೂಬ್ ನೋಡಿ ಸಾಕಾಗಿದೆ, ಅಲ್ಲಿ ಎಲ್ಲವೂ "ಅದ್ಭುತ"ವೇ.

ಶಿರಾ ಗೇಟ್:
ಅನ್ನ ಸಿಗುತ್ತೆ ಗುರು. ಆದರೆ ಸಾರು ಸಿಗಲ್ಲ. ಜೀರಾ ರೈಸ್ ಜೊತೆ ದಾಲ್ ಹಾಕಿಕೊಂಡು ಅದನ್ನೇ ಸಾರು ಅಂದುಕೊಳ್ಳಬೇಕು. ನಿಮ್ಮಪ್ಪನಿಗೆ ಒಂದು ಡಬ್ಬಿ ಚಟ್ನಿಪುಡಿ ಹಾಕಿಕೊಡಿ, ಪ್ರಾಬ್ಲಂ ಮುಗೀತು.

ಕ್ಯಾತ್ಸಂದ್ರ ತಟ್ಟೆ:
ಒಂದೇ ಮಾತು. ಅಲ್ಲಿ ಹೋಗಿ ಇಡ್ಲಿ ಹುಡುಕಬೇಡಿ. ನಾವು ಹುಡುಕಿ ತಿಂದೆವು. ಅದರ ಬಗ್ಗೆ ಇನ್ನೇನೂ ಹೇಳಲ್ಲ.

ಎಂ.ಜಿ. ರೋಡ್ ಅಕ್ಕ:
ನಮ್ಮ ಅಂಗಡಿ ಪಕ್ಕದ ಬಟ್ಟೆ ಅಂಗಡಿ ಸೇಟು ಮನೆಯವರು ಆ ಕಡೆಯವರೇ. ಅವರನ್ನೇ ಕೇಳಿದೆ. "ರಾತ್ರಿ ಊಟಕ್ಕೆ ಹೋಟೆಲ್ ಹುಡುಕ್ತೀರಲ್ಲಾ, ಜೋಧ್‌ಪುರದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಸ್ವೀಟ್ ಅಂಗಡಿಗೆ ಹೋಗಿ" ಅಂದರು. ಅಲ್ಲಿ ತಿಂಡಿ ಅಂದರೆ ಕಚೋರಿ, ಮಿರ್ಚಿ ವಡಾ, ಜಿಲೇಬಿ. ಹೋಟೆಲ್‌ಗಿಂತ ಸ್ವೀಟ್ ಅಂಗಡಿಗಳೇ ದೊಡ್ಡವು ಅಂತೆ. ನಯೀ ಸಡಕ್‌ನ ಜನತಾ ಸ್ವೀಟ್ ಹೋಮ್ ಮತ್ತು ಗಡಿಯಾರ ಗೋಪುರದ ಹತ್ತಿರದ ಮಿಶ್ರಿಲಾಲ್ ಬಿಡಬೇಡಿ ಅಂತ ಎರಡು ಸಲ ಹೇಳಿದರು.

ಬರ್ ದುಬೈ ತುಮಕೂರಿಗ:
ಮರುಭೂಮಿಯ ಊರಲ್ಲಿ ಊಟ ಅಂದರೆ ನಮ್ಮ ದುಬೈಯನ್ನೂ ಸೇರಿಸಿ ಸಾರ್. ಸತ್ವಾದಲ್ಲಿ ರವಿ ರೆಸ್ಟೋರೆಂಟ್ ಇದೆ, ಬರ್ ದುಬೈನಲ್ಲಿ ಅಲ್ ಉಸ್ತಾದ್ ಕಬಾಬ್ ಇದೆ. ಎರಡೂ 1978ರಿಂದ ನಡೀತಿವೆ. ಇನ್ನೊಂದು ತುದಿಯಲ್ಲಿ ಟ್ರೆಸಿಂಡ್ ಸ್ಟುಡಿಯೋ. 2025ರಲ್ಲಿ ಅದಕ್ಕೆ ಮೂರು ಮಿಶೆಲಿನ್ ಸ್ಟಾರ್ (ಮಿಶೆಲಿನ್ ಗೈಡ್ ಹೋಟೆಲ್‌ಗಳಿಗೆ ಕೊಡೋ ಅತಿ ದೊಡ್ಡ ದರ್ಜೆ) ಬಂತು, ಜಗತ್ತಿನಲ್ಲಿ ಯಾವ ಭಾರತೀಯ ರೆಸ್ಟೋರೆಂಟಿಗೂ ಅದಕ್ಕೆ ಮುಂಚೆ ಮೂರು ಬಂದಿರಲಿಲ್ಲ. ನಾನು ಹೋಗಿಲ್ಲ. ಸಂಬಳ ರವಿಗೇ ಸರಿಹೋಗುತ್ತೆ.

ಶಿರಾ ಗೇಟ್:
ಅವರು ರೈಲಲ್ಲಿ ಹೋಗ್ತಿದ್ದಾರೆ ಮಾರಾಯ, ದುಬೈಗೆ ತುಮಕೂರಲ್ಲಿ ನಿಲ್ಲೋ ರೈಲು ಯಾವುದು?

ಅಮಾನಿಕೆರೆ ವಾಕರ್:
ಹಹ್ಹಾ. ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದು ಬರೀತೀನಿ.

ಅಮಾನಿಕೆರೆ ವಾಕರ್:
ಬಂದೆವು. ಮೂರು ವಾರ ಆಯ್ತು, ಈಗ ಬರೆಯೋಕೆ ಟೈಮ್ ಸಿಕ್ತು. ಉದ್ದ ಇದೆ, ಟೀ ಇಟ್ಟುಕೊಂಡು ಕೂತ್ಕೊಳ್ಳಿ.

ಮೊದಲು ಜೋಧ್‌ಪುರ. ಎರಡು ರಾತ್ರಿ ರೈಲಲ್ಲಿ ಕೂತು ಸೊಂಟ ಹಿಡಿದಿತ್ತು. ರೂಮಿಗೆ ಬ್ಯಾಗ್ ಎಸೆದು ನೇರ ಗಡಿಯಾರ ಗೋಪುರಕ್ಕೆ ಹೋದೆವು. ಸುತ್ತ ಸರ್ದಾರ್ ಮಾರ್ಕೆಟ್. ನೂರು ವರ್ಷಕ್ಕೂ ಹಿಂದೆ ಆಳಿದ ರಾಜ ಸರ್ದಾರ್ ಸಿಂಗ್ ಹೆಸರು ಅದಕ್ಕೆ. ಮಸಾಲೆ, ಬಳೆ, ಪ್ಲಾಸ್ಟಿಕ್ ಬಕೆಟ್ ಎಲ್ಲ ಒಂದೇ ಕಡೆ ಮಾರ್ತಾರೆ. ಶ್ರೀ ಮಿಶ್ರಿಲಾಲ್ ಹೋಟೆಲ್ ಅಲ್ಲೇ ಗೇಟಿನ ಪಕ್ಕದಲ್ಲಿದೆ. 1927ರ ಅಂಗಡಿ. ಹೋಟೆಲ್ ಅಂತ ಹೆಸರು, ಒಳಗೆ ನಾಲ್ಕು ಬೆಂಚು ಅಷ್ಟೇ. ಜನ ಬರೋದು ಮಖನಿಯಾ ಲಸ್ಸಿಗೆ. ಇದನ್ನು ಕುಡಿಯೋಕೆ ಆಗಲ್ಲ. ಚಮಚ ಕೊಡ್ತಾರೆ. ಕೇಸರಿ ಬಣ್ಣ, ಏಲಕ್ಕಿ ಘಮ, ಮೇಲೆ ಒಂದು ಉಂಡೆ ಬೆಣ್ಣೆ. ನಮ್ಮಪ್ಪ ಗ್ಲಾಸನ್ನು ಬಗ್ಗಿಸಿ ಬಗ್ಗಿಸಿ ನೋಡಿದರು, ಅದು ಜಾರಲೇ ಇಲ್ಲ. "ಇದು ಲಸ್ಸಿ ಅಲ್ಲ ಕಣೋ, ಶ್ರೀಖಂಡದ ತಮ್ಮ" ಅಂದರು. ಆಮೇಲೆ ಇನ್ನೊಂದು ಹೇಳಿದರು. ಶುಗರ್ ಮಾತ್ರೆ ರೂಮಿನಲ್ಲಿ ಇತ್ತು.

ಮಾರನೇ ದಿನ ಎಂ.ಜಿ. ರೋಡ್ ಅಕ್ಕ ಹೇಳಿದ ಹಾಗೆ ಬೆಳಿಗ್ಗೆಯೇ ಜನತಾಗೆ ಹೋದೆವು. ಮಿರ್ಚಿ ವಡಾ ಬಗ್ಗೆ ನಾನು ಸ್ವಲ್ಪ ಉಡಾಫೆಯಿಂದಲೇ ಇದ್ದೆ. ನಮ್ಮೂರಿನ ಮೆಣಸಿನಕಾಯಿ ಬಜ್ಜಿಗಿಂತ ಇದೇನು ಹೆಚ್ಚು ಅಂತ. ಹೆಚ್ಚೇ. ಮೆಣಸಿನಕಾಯಿ ನಮ್ಮ ಬಜ್ಜಿ ಕಾಯಿಗಿಂತ ದಪ್ಪ. ಉದ್ದಕ್ಕೆ ಸೀಳಿ ಒಳಗೆ ಮಸಾಲೆ ಹಾಕಿದ ಆಲೂಗಡ್ಡೆ ಪಲ್ಯ ತುಂಬಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಕರೀತಾರೆ. ಹಿಟ್ಟು ನಮ್ಮದಕ್ಕಿಂತ ಗಟ್ಟಿ, ಒಂದು ಪದರ ದಪ್ಪಗೆ ಕೂರುತ್ತೆ. ಪಕ್ಕದಲ್ಲಿ ಆಫೀಸಿಗೆ ಹೊರಟಿದ್ದ ಒಬ್ಬರು ಅದನ್ನು ಎರಡು ಬ್ರೆಡ್ ಮಧ್ಯೆ ಇಟ್ಟು ಅಂಗೈಯಲ್ಲಿ ಒತ್ತಿ ತಿಂತಿದ್ದರು. ನಾನೂ ಹಾಗೇ ಮಾಡಿದೆ. ಮೊದಲ ತುತ್ತಿಗೆ ಆಲೂಗಡ್ಡೆ, ಆಮೇಲೆ ಹುಳಿ, ಖಾರ ಬರೋದು ಕೊನೆಗೆ, ಕಿವಿಯ ಹತ್ತಿರ. ಮಾವಾ ಕಚೋರಿ ಅಂತ ಇನ್ನೊಂದು. ಒಳಗೆ ಖೋವಾ, ಹೊರಗೆ ಸಕ್ಕರೆ ಪಾಕ. ಒಂದನ್ನು ನಾಲ್ಕು ಜನ ಹಂಚಿಕೊಂಡರೂ ಸಾಕು.

ಮಧ್ಯಾಹ್ನ ಸರ್ದಾರ್‌ಪುರದ ಜಿಪ್ಸಿಯಲ್ಲಿ ಥಾಲಿ. ಪೂರ್ತಿ ಸಸ್ಯಾಹಾರಿ, ಅಮ್ಮನಿಗೆ ಅಲ್ಲಿ ಮನಸ್ಸು ನಿರಾಳ. ಬಡಿಸ್ತಾನೇ ಇರ್ತಾರೆ, ತಟ್ಟೆ ಮೇಲೆ ಕೈ ಅಡ್ಡ ಇಟ್ಟರೂ ಕೈ ಪಕ್ಕದಲ್ಲಿ ಬಡಿಸ್ತಾರೆ. ಗಟ್ಟೆ, ಕಢಿ, ದಾಲ್ ಬಾಟಿ ಚೂರ್ಮಾ (ಬಾಟಿ ಅಂದರೆ ಸುಟ್ಟ ಗೋಧಿ ಉಂಡೆ), ಕೇರ್ ಸಾಂಗ್ರಿ ಪಲ್ಯ. ಅನ್ನವೂ ಬಂತು, ಅಪ್ಪ ಖುಷ್.

ಇಲ್ಲಿ ಒಂದು ವಿಷಯ ಆಯ್ತು. ನಾನು, ಹೆಂಡತಿ ಒಂದೊಂದನ್ನೂ ಫೋಟೋ ತೆಗೆದು ಇದೇನು ಅದೇನು ಅಂತ ಕೇಳ್ತಿದ್ದೆವು. ಅಮ್ಮ ಕೇಳಲೇ ಇಲ್ಲ. ಬಾಟಿಯನ್ನು ಕೈಯಲ್ಲಿ ಪುಡಿ ಮಾಡಿ, ತುಪ್ಪ ಹಾಕಿಸಿಕೊಂಡು, ದಾಲ್ ಕಲಸಿ, "ಇದು ಸುಟ್ಟ ಮುದ್ದೆ" ಅಂದು ತಿಂದರು. ಪಾಪಡ್ ಪಲ್ಯ ಬಂದಾಗ, "ಮಳೆ ಇಲ್ಲದ ವರ್ಷ ನಾವೂ ಸಂಡಿಗೆಯಲ್ಲಿ ಸಾರು ಮಾಡ್ತಿದ್ದೆವು" ಅಂದರು. ಕೇರ್ ಸಾಂಗ್ರಿಯನ್ನು ಬಾಯಿಗೆ ಹಾಕಿ ಎರಡು ನಿಮಿಷ ಸುಮ್ಮನಿದ್ದರು. "ಇದು ಒಣಗಿಸಿಟ್ಟಿದ್ದು. ಹಸಿದಲ್ಲ. ತರಕಾರಿ ಇಲ್ಲದ ಕಾಲಕ್ಕೆ ಅಂತ ಇಟ್ಟಿದ್ದು." ಬಡಿಸುವವರನ್ನು ಕೇಳಿದೆ, ಹೌದು ಅಂದರು. ನನಗೆ ಒಂಥರಾ ಆಯ್ತು. ನಾನು ವಾರಗಟ್ಟಲೆ ವಿಡಿಯೋ ನೋಡಿ ಹೋಗಿದ್ದೆ. ಅಮ್ಮ ಒಂದೂ ನೋಡಿರಲಿಲ್ಲ.

ಆಮೇಲೆ ಅಮ್ಮನ ಲೆಕ್ಕದಲ್ಲೇ ನೋಡೋಕೆ ಶುರು ಮಾಡಿದೆ. ಅಲ್ಲಿನ ಅಡುಗೆಯಲ್ಲಿ ನೀರು ಕಡಿಮೆ. ಮಜ್ಜಿಗೆ, ಹಾಲು, ತುಪ್ಪ ಜಾಸ್ತಿ. ಸೊಪ್ಪು ತರಕಾರಿ ಕಡಿಮೆ, ಬೇಳೆ ಮತ್ತು ಕಡ್ಲೆಹಿಟ್ಟು ಜಾಸ್ತಿ. ಗಟ್ಟೆ ಅಂದರೇನು? ತರಕಾರಿ ಇಲ್ಲ ಅಂತ ಕಡ್ಲೆಹಿಟ್ಟನ್ನೇ ಉರುಳೆ ಮಾಡಿ, ಬೇಯಿಸಿ, ತುಂಡು ಮಾಡಿ ತರಕಾರಿ ಜಾಗಕ್ಕೆ ಹಾಕೋದು. ಹುಳಿಗೆ ಹುಣಸೆಗಿಂತ ಮೊಸರು, ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ). ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಕಾಯಿಸಿದ "ರಾಬ್" ಅಂತ ಒಂದು ಕೊಟ್ಟರು. ಅಪ್ಪ ಒಂದು ಗುಟುಕು ಕುಡಿದು, "ಅಂಬಲಿ!" ಅಂತ ಜೋರಾಗಿ ಕೂಗಿದರು, ಅಕ್ಕಪಕ್ಕದವರು ತಿರುಗಿ ನೋಡಿದರು.

ಹೆಂಡತಿಯ ಲಾಲ್ ಮಾಸ್‌ಗೆ ಒಂದು ರಾತ್ರಿ ಬಿಟ್ಟಿದ್ದೆವು. ಅಪ್ಪ ಅಮ್ಮನನ್ನು ರೂಮಿನಲ್ಲಿ ಬಿಟ್ಟು ಪಾಲ್ ಹವೇಲಿ ಮೇಲಿನ ಇಂಡಿಕ್‌ಗೆ ಹೋದೆವು. ಎದುರಿಗೆ ಮೆಹ್ರಾನ್‌ಗಢ ಕೋಟೆ, ದೀಪ ಹಾಕಿರ್ತಾರೆ. ಕೋಟೆ ಒಳಗೇ ಚೋಕೆಲಾವ್ ಮಹಲ್ ಅಂತ ತೋಟದ ಜಾಗದಲ್ಲಿ ರಾತ್ರಿ ಊಟ ಇದೆ, ಮದುವೆ ವಾರ್ಷಿಕೋತ್ಸವ ಇತ್ಯಾದಿ ಇದ್ದರೆ ಅಲ್ಲಿಗೆ ಹೋಗಿ, ಮೊದಲೇ ಹೇಳಿಡಿ. ಲಾಲ್ ಮಾಸ್ ಬಣ್ಣ ಬರೋದು ಮಥಾನಿಯಾ ಮೆಣಸಿನಕಾಯಿಯಿಂದ. ಜೋಧ್‌ಪುರದ ಹತ್ತಿರದ ಊರು ಅದು. ನಮ್ಮ ಬ್ಯಾಡಗಿ ಥರ ಬಣ್ಣ ಬಿಡುತ್ತೆ, ಆದರೆ ಬ್ಯಾಡಗಿಯಷ್ಟು ಸಾಧು ಅಲ್ಲ. ಟೊಮೆಟೊ ಇಲ್ಲ, ತೆಂಗಿನಕಾಯಿ ಅಂತೂ ಇಲ್ಲವೇ ಇಲ್ಲ. ಮೊಸರು, ಬೆಳ್ಳುಳ್ಳಿ, ಮೆಣಸಿನಕಾಯಿ, ತುಪ್ಪ. ಹೆಂಡತಿ ಮೂಳೆ ಚೀಪಿ ಮುಗಿಸಿ ಕೊಟ್ಟ ತೀರ್ಪು: "ಚೆನ್ನಾಗಿದೆ. ಮುದ್ದೆ ಇದ್ದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು."

ಜೈಸಲ್ಮೇರ್ ನಾಳೆ ಬರೀತೀನಿ.

ಎಂ.ಜಿ. ರೋಡ್ ಅಕ್ಕ:
ಅಮ್ಮನ ಮಾತು ಓದಿ ಕಣ್ಣು ತುಂಬಿ ಬಂತು ಕಣಪ್ಪ. ಸೇಟಮ್ಮನಿಗೂ ಹಿಂದಿಯಲ್ಲಿ ಹೇಳಿದೆ. ಸಾಂಗ್ರಿ ಅಂದರೆ ಖೇಜ್ಡಿ ಮರದ ಕಾಯಿ ಅಂತೆ.

ಪಾವಗಡದ ಕಡ್ಲೆಕಾಯಿ:
ಖೇಜ್ಡಿ ಅಂದರೆ ನಮ್ಮ ಬನ್ನಿ ಮರ! ಶಮೀ ವೃಕ್ಷ. ವಿಜಯದಶಮಿ ದಿನ ಎಲೆ ಕೊಟ್ಟು "ಬನ್ನಿ ಬಂಗಾರ ಆಗೋಣ" ಅಂತೀವಲ್ಲ, ಅದೇ. ನಾವು ಎಲೆ ಜೇಬಿಗೆ ಹಾಕ್ಕೊಂಡು ಬರ್ತೀವಿ, ಅವರು ಕಾಯಿ ಕೊಯ್ದು ಒಣಗಿಸಿ ವರ್ಷ ಪೂರ್ತಿ ತಿಂತಾರೆ.

ಶಿರಾ ಗೇಟ್:
ನಮ್ಮೂರಲ್ಲಿ ಬನ್ನಿ ಅಂತ ಪೂಜೆ ಮಾಡೋ ಮರದಲ್ಲಿ ನಾನು ಕಾಯಿ ನೋಡಿದ ನೆನಪಿಲ್ಲ. ಸುಮ್ನೆ ಹೇಳ್ತಿಲ್ಲ ತಾನೆ?

ಪಾವಗಡದ ಕಡ್ಲೆಕಾಯಿ:
ಎಲ್ಲ ಊರಿನ ಬನ್ನಿಯೂ ಒಂದೇ ಜಾತಿ ಅಲ್ಲ ಅಣ್ಣ. ಕೆಲವು ಕಡೆ ಬೇರೆ ಮುಳ್ಳಿನ ಮರಕ್ಕೂ ಬನ್ನಿ ಅಂತಾರೆ. ಆದರೆ ಶಮಿ ಅಂದರೆ ಖೇಜ್ಡಿಯೇ. ರಾಜಸ್ಥಾನದ ರಾಜ್ಯ ಮರ ಅದು. 1730ರಲ್ಲಿ ಜೋಧ್‌ಪುರದ ಹತ್ತಿರ ಖೇಜಡ್ಲಿ ಅನ್ನೋ ಊರಲ್ಲಿ ರಾಜನ ಕಡೆಯವರು ಈ ಮರ ಕಡಿಯೋಕೆ ಬಂದಾಗ ಅಮೃತಾ ದೇವಿ ಅನ್ನೋ ಹೆಣ್ಣುಮಗಳು ಮರ ತಬ್ಬಿಕೊಂಡು ಜೀವ ಕೊಟ್ಟರು. ಅವರ ಹಿಂದೆ ಅವರದ್ದೇ ಬಿಷ್ಣೋಯಿ ಸಮುದಾಯದ ಜನ ಒಬ್ಬೊಬ್ಬರಾಗಿ ಬಂದರು, ಒಟ್ಟು 363 ಮಂದಿ ಸತ್ತರು ಅಂತ ಹೇಳ್ತಾರೆ. ಮರುಭೂಮಿಯಲ್ಲಿ ನೆರಳು, ಮೇವು, ಸೌದೆ, ಪಲ್ಯ ಎಲ್ಲ ಕೊಡೋ ಮರ. ಬಿಟ್ಟುಕೊಡ್ತಾರಾ?

ಶಿರಾ ಗೇಟ್:
ಸರಿ ಒಪ್ಪಿದೆ. ಈ ದಸರಾಕ್ಕೆ ಮರದ ಮೇಲೆ ಕಣ್ಣಿಟ್ಟಿರ್ತೀನಿ.

ಅಮಾನಿಕೆರೆ ವಾಕರ್:
ಬನ್ನಿ ವಿಷಯ ನನಗೆ ಗೊತ್ತೇ ಇರಲಿಲ್ಲ! ಅಮ್ಮನಿಗೆ ಓದಿ ಹೇಳಿದೆ. "ಮತ್ತೆ, ನಾನು ಹೇಳಲಿಲ್ವಾ" ಅಂದರು. ಅಮ್ಮ ಹೇಳಿರಲಿಲ್ಲ.

ಈಗ ಜೈಸಲ್ಮೇರ್. ಜೋಧ್‌ಪುರದಿಂದ ಸುಮಾರು 280 ಕಿ.ಮೀ., ಕಾರಿನಲ್ಲಿ ಹೋದೆವು. ಕೋಟೆ 1156ರದ್ದು, ಹಳದಿ ಕಲ್ಲು, ಇವತ್ತಿಗೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಊಟದ ವಿಷಯದಲ್ಲಿ ನನ್ನಿಂದ ಆದ ತಪ್ಪು ಇಲ್ಲೇ. ಕೋಟೆ ಕಾಣುವ ಒಂದು ಮಾಳಿಗೆ ರೆಸ್ಟೋರೆಂಟ್. ಹೆಸರು ಬೇಡ, ಅಂಥವು ಹತ್ತಾರಿವೆ. ಮೆನು ಕಾರ್ಡಿನಲ್ಲಿ ಪಿಜ್ಜಾ, ಪಾಸ್ತಾ, ಚೈನೀಸ್, "ರಾಜಸ್ಥಾನಿ ಸ್ಪೆಷಲ್" ಎಲ್ಲ ಇತ್ತು, ಆಗಲೇ ಎದ್ದು ಬರಬೇಕಿತ್ತು. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ಕೇರ್ ಸಾಂಗ್ರಿಯ ಮೇಲೆ ಒಂದು ಬೆರಳು ಎಣ್ಣೆ, ಬಾಯಿಗೆ ಹಾಕಿದರೆ ಒಳಗೆ ಇನ್ನೂ ತಣ್ಣಗೆ. ಬಾಟಿ ಕಲ್ಲು. ಡಿಸೆಂಬರ್ ಚಳಿ, ಗಾಳಿ ಬೇರೆ, ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಪಾಸ್ತಾ ನೋಡ್ತಾ ಕೂತಿದ್ದ ದೃಶ್ಯ ಮರೆಯೋಕೆ ಆಗಲ್ಲ. ನಾಲ್ಕು ಜನಕ್ಕೆ ಐದು ಸಾವಿರ ಚಿಲ್ಲರೆ ಬಿಲ್. ಕೋಟೆ ನೋಡಿದ್ದಕ್ಕೆ ನಾಲ್ಕು, ಊಟಕ್ಕೆ ಒಂದು ಅಂತ ಲೆಕ್ಕ ಹಾಕಿ ಎದ್ದೆವು.

ಮಾರನೇ ದಿನ ಅದಕ್ಕೆ ಪರಿಹಾರ ಸಿಕ್ತು. ಪೇಟೆಯಲ್ಲಿ ಧನರಾಜ್ ರಾಣಮಲ್ ಭಾಟಿಯಾ ಅಂತ ಹಳೇ ಸ್ವೀಟ್ ಅಂಗಡಿ. ಘೋಟುವಾ ಲಾಡು ಅಲ್ಲಿನ ಹೆಸರಾದ ತಿನಿಸು. ನಮ್ಮ ಲಾಡಿನ ಕಾಳು ಬಾಯಿಗೆ ಸಿಗುತ್ತೆ ಅಲ್ವಾ, ಇದರಲ್ಲಿ ಕಾಳೇ ಇಲ್ಲ. ಅರೆದು ತಿಕ್ಕಿ ನುಣ್ಣಗೆ ಮಾಡಿರ್ತಾರೆ, ನಾಲಿಗೆ ಮೇಲೆ ಇಟ್ಟರೆ ಕರಗುತ್ತೆ. ಅರ್ಧ ಕೆ.ಜಿ. ಕಟ್ಟಿಸಿಕೊಂಡೆವು. ತುಮಕೂರು ತಲುಪಿದ್ದು ಮೂರು ಲಾಡು.

ಕೋಟೆ ಒಳಗೆ ಉಳಿಯೋದು, ಊಟ ಮಾಡೋದರ ಬಗ್ಗೆ ಒಂದು ಮಾತು. ಆ ಗುಡ್ಡದ ಕಲ್ಲು ಮೆದು. ಕಟ್ಟಿದ ಕಾಲದಲ್ಲಿ ಬಿಂದಿಗೆ ಲೆಕ್ಕದ ನೀರು ಇತ್ತು. ಈಗ ಒಳಗೆ ಹೋಟೆಲ್, ನಲ್ಲಿ, ಫ್ಲಶ್. ಆ ನೀರು ಇಂಗಿ ಇಂಗಿ ಬುಡ ಸಡಿಲ ಆಗ್ತಿದೆ, ಗೋಡೆಗಳು ಬಿದ್ದಿವೆ. ಮಳೆ ಇಲ್ಲದ ಊರಿಗೆ ನೀರಿನಿಂದಲೇ ತೊಂದರೆ. ನಾವು ಹೊರಗೆ ಉಳಿದುಕೊಂಡು ಒಳಗೆ ಸುತ್ತಾಡಿ ಟೀ ಕುಡಿದು ಬಂದೆವು.

ಸುಮಾರು 40 ಕಿ.ಮೀ. ದೂರದ ಸಮ್ ಮರಳುಗುಡ್ಡದ ಟೆಂಟ್ ಊಟ: ಕುಣಿತ ಚೆನ್ನಾಗಿತ್ತು, ಬಫೆ ನಮ್ಮ ಕಲ್ಯಾಣ ಮಂಟಪದ ಎರಡನೇ ಪಂಕ್ತಿ.

ತಿಪಟೂರು ಕೊಬ್ಬರಿ:
ನಾಲ್ಕು ದಿನ ಬರೀ ಕರಿದಿದ್ದು, ತುಪ್ಪ, ಸಿಹಿ. ಹೊಟ್ಟೆ ಏನಾಯ್ತು ಅಂತ ಯಾರೂ ಬರೆಯಲ್ಲ.

ಅಮಾನಿಕೆರೆ ವಾಕರ್:
ಮೂರನೇ ದಿನ ನನ್ನದು ಕೆಡ್ತು. ಅಮ್ಮ ಮಾಡಿದ್ದೇನು ಗೊತ್ತಾ, ಎಲ್ಲಿ ಹೋದರೂ ಮೊದಲು "ಛಾಛ್" ಅಂತ ಕೇಳಿ ಎರಡು ಲೋಟ ಮಜ್ಜಿಗೆ ಕುಡೀತಿದ್ದರು. ಇಡೀ ಟ್ರಿಪ್‌ನಲ್ಲಿ ಕಲಿತ ಒಂದೇ ಹಿಂದಿ ಪದ. ಅವರಿಗೆ ಏನೂ ಆಗಲಿಲ್ಲ.

ಕ್ಯಾತ್ಸಂದ್ರ ತಟ್ಟೆ:
ಬಿಕಾನೇರ್ ಯಾಕೆ ಬಿಟ್ಟಿರಿ? ಭುಜಿಯಾ (ಖಾರದ ಸೇವ್) ಹುಟ್ಟಿದ ಊರು. 1877ರಲ್ಲಿ ರಾಜ ಡೂಂಗರ್ ಸಿಂಗ್ ಕಾಲದಲ್ಲಿ ಶುರುವಾಯ್ತು ಅಂತಾರೆ. ಅಲ್ಲಿ ಅದಕ್ಕೆ ಬರೀ ಕಡ್ಲೆಹಿಟ್ಟು ಅಲ್ಲ, ಮಡಿಕೆ ಕಾಳಿನ ಹಿಟ್ಟು ಹಾಕ್ತಾರೆ. ಅದಕ್ಕೇ ಆ ಗರಿಗರಿ. 2010ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಸ್ಟೇಷನ್ ರೋಡಿನ ಛೋಟು ಮೋಟು ಜೋಶಿಯಲ್ಲಿ ಪೂರಿ ಸಾಗು, ರಸಗುಲ್ಲ ತಿಂದು ಬನ್ನಿ. ಪೂರಿ ಇದೆಯಲ್ಲ, ನಿಮ್ಮಪ್ಪನಿಗೂ ಆಗುತ್ತೆ.

ಅಮಾನಿಕೆರೆ ವಾಕರ್:
ರಜೆ ಮುಗೀತು ಸಾರ್. ಮುಂದಿನ ಸಲ.

ಬರ್ ದುಬೈ ತುಮಕೂರಿಗ:
ಜೋಧ್‌ಪುರದ ಉಮೇದ್ ಭವನದಲ್ಲಿ ಊಟ ಮಾಡಲಿಲ್ವಾ?

ಅಮಾನಿಕೆರೆ ವಾಕರ್:
ಮ್ಯೂಸಿಯಂ ನೋಡಿ ಬಂದೆವು. ಒಂದು ಭಾಗ ಹೋಟೆಲ್, ಒಂದು ಭಾಗದಲ್ಲಿ ರಾಜಮನೆತನ ಇದ್ದಾರೆ, ಉಳಿದದ್ದು ಮ್ಯೂಸಿಯಂ. ಅಪ್ಪನಿಗೆ ಇಷ್ಟ ಆಗಿದ್ದು ಬೇರೆ ವಿಷಯ. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಈ ಅರಮನೆ ಕೆಲಸ ಹಿಡಿದರಂತೆ. 1929ರಲ್ಲಿ ಶುರು, 1943ಕ್ಕೆ ಮುಗಿದಿದ್ದು. "ನಮ್ಮ ಕಡೆ ಬರಗಾಲದ ಕಾಮಗಾರಿ ಅಂದರೆ ಕೆರೆ ಹೂಳು ಎತ್ತೋದು, ಇಲ್ಲಿ ನೋಡಪ್ಪ" ಅಂತ ಬಾಗಿಲಲ್ಲೇ ಹತ್ತು ನಿಮಿಷ ನಿಂತರು. ಒಳಗಿನ ಊಟದ ರೇಟು ಕೇಳೋ ಧೈರ್ಯ ನನಗೆ ಬರಲಿಲ್ಲ.

ಎಂ.ಜಿ. ರೋಡ್ ಅಕ್ಕ:
ಸಾಂಗ್ರಿ ತಂದಿರಾ? ಅದನ್ನು ಹೇಗೆ ಮಾಡೋದು ಅಂತ ಸೇಟಮ್ಮನ ಹತ್ತಿರ ಕೇಳಿ ಹೇಳಲಾ?

ಅಮಾನಿಕೆರೆ ವಾಕರ್:
ತಂದಿದ್ದೇವೆ ಅಕ್ಕ, ಕಾಲು ಕೆ.ಜಿ. ಸರ್ದಾರ್ ಮಾರ್ಕೆಟ್‌ನಲ್ಲಿ ಅಮ್ಮನೇ ಆರಿಸಿ ಕೊಂಡರು. ನೋಡೋಕೆ ಒಣ ಕಡ್ಡಿ ಚೂರು. ಕೇರ್ ಸಣ್ಣ ಸಣ್ಣ ಕಾಯಿ, ಅದು ಕಹಿ, ಮಜ್ಜಿಗೆಯಲ್ಲಿ ನೆನೆಸಿ ಕಹಿ ತೆಗೀಬೇಕು ಅಂತ ಮಾರಿದವನೇ ಹೇಳಿದ. ಆಮೇಲೆ ಎಣ್ಣೆಯಲ್ಲಿ ಒಣಮೆಣಸಿನಕಾಯಿ, ಆಮ್‌ಚೂರ್ ಹಾಕಿ ಬಾಡಿಸೋದು. ನೀರಿನ ಪಸೆ ಇಲ್ಲದ ಹಾಗೆ ಮಾಡಿದರೆ ದಿನಗಟ್ಟಲೆ ಕೆಡಲ್ಲ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗ್ತಾರೆ.

ಅಮ್ಮ ಕಳೆದ ಭಾನುವಾರ ಮಾಡಿದರು. ರಾತ್ರಿ ನೆನೆಸಿಟ್ಟರು, ಅಲ್ಲಿಯವರೆಗೂ ಸರಿ. ಬೇಯಿಸಿ ಕಟ್ಟು ಬಸಿದು, ಕಟ್ಟಿಗೆ ಹುಣಸೆಹಣ್ಣು, ಕೊಬ್ಬರಿ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡಿಬಿಟ್ಟರು. ಸಾಂಗ್ರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ. ಮುದ್ದೆ ಜೊತೆ. ಸೇಟಮ್ಮನಿಗೆ ಇದನ್ನು ಹೇಳಬೇಡಿ.

ಎಂ.ಜಿ. ರೋಡ್ ಅಕ್ಕ:
ಹೇಳಿಬಿಟ್ಟೆ. ಒಂದು ಬಟ್ಟಲು ಕಳಿಸಿ ಅಂದರು.